ತೋರಿಸುವ ಕೋಣೆ

ಬಚ್ಚಲಿನ ಜಾಲರಿಗೆ ಸಿಕ್ಕಿಕೊಂಡಿದ್ದ ಕೂದಲಿನ ಉಂಡೆಯನ್ನು ಟೀಚರಮ್ಮ ಎರಡು ಬೆರಳಲ್ಲಿ ಎತ್ತಿ ಬುಟ್ಟಿಗೆ ಹಾಕಿದಳು. ಅದರಲ್ಲಿ ಅವಳ ಕೂದಲಿತ್ತು, ಕೋಣೆಯಲ್ಲಿದ್ದ ಉಳಿದವರ ಕೂದಲಿತ್ತು, ಅವರಿಗಿಂತ ಮೊದಲು ಇದ್ದು ಹೋದವರದ್ದೂ ಇತ್ತೇನೋ. ಆದರೂ ನೀರು ಇಳಿಯಲಿಲ್ಲ. ಬೂದು ನೊರೆ ಪಾದದ ಸುತ್ತ ನಿಂತೇ ಇತ್ತು. ಹೊರಗಿನಿಂದ ಯಾರೋ ಬಾಗಿಲು ಬಡಿದರು. ಅವಳು ಅರ್ಧ ಸ್ನಾನಕ್ಕೇ ಮುಗಿಸಿ, ಒದ್ದೆ ಗೋಡೆಗೆ ಮೈ ತಾಗದ ಹಾಗೆ ಬಟ್ಟೆ ಹಾಕಿಕೊಂಡಳು.

ಟೀಚರಮ್ಮ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಚಿಕ್ಕವಳಿದ್ದಾಗ ಬೆತ್ತ ಹಿಡಿದು ದಿಂಬುಗಳಿಗೆ ಪಾಠ ಹೇಳುತ್ತಿದ್ದಳಂತೆ. ಬೆಳೆದ ಮೇಲೆ ಇಂಗ್ಲಿಷ್ ಓದಿ, ಬಿ.ಎಡ್. ಮಾಡಿ, ಹೆಸರಿಗೆ ತಕ್ಕ ಕೆಲಸವನ್ನೇ ಹಿಡಿದಳು. ಈಗ ಪರದೇಶದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದಿದ್ದಳು.

ಕಣ್ಣುಮುಚ್ಚಿಕೊಂಡು ಬಂದವಳೇನಲ್ಲ. ಸಂಬಳ ಕೇಳಿದ್ದಳು, ರಜೆ ಕೇಳಿದ್ದಳು, ಇರುವ ಕೋಣೆಯನ್ನು ವೀಡಿಯೊದಲ್ಲಿ ತೋರಿಸಿ ಎಂದಿದ್ದಳು. ತೋರಿಸಿದ್ದರು. ಬಿಳಿ ಪರದೆ, ಒಂಟಿ ಮಂಚ, ಮೇಜಿನ ಮೇಲೆ ದೀಪ. ಆ ಕೋಣೆ ನಿಜವಾಗಿಯೂ ಇತ್ತು, ಶಾಲೆಯ ಮೇಲಿನ ಮಹಡಿಯಲ್ಲಿ. ಆದರೆ ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಅದು ಬರೀ ತೋರಿಸುವ ಕೋಣೆ. ಕೆಲಸದಲ್ಲಿರುವ ಟೀಚರ್ ಒಬ್ಬರ ಜೊತೆ ಮಾತಾಡಬೇಕು ಎಂದೂ ಕೇಳಿದ್ದಳು. ಒಬ್ಬಳು ಅದೇ ಮಂಚದ ಮೇಲೆ ಕುಳಿತು, ಇದು ನಮ್ಮ ಮನೆಯಿದ್ದ ಹಾಗೆ ಎಂದು ಬಾಯ್ತುಂಬ ನಗುತ್ತಾ ಹೇಳಿದ್ದಳು. ನಿಮ್ಮ ಫೋನಿನ ಹಿಂದೆ ಯಾರು ಕೂತಿದ್ದಾರೆ ಎಂದು ಕೇಳಬೇಕೆಂದು ಟೀಚರಮ್ಮನಿಗೆ ಹೊಳೆಯಲಿಲ್ಲ. ಕೆಲಸ ಬಿಟ್ಟು ಹೋದವರ ನಂಬರು ಕೊಡಿ ಎನ್ನಬೇಕೆಂದೂ ಹೊಳೆಯಲಿಲ್ಲ. ಕೆಲಸದ ವೀಸಾ ಕೈಗೆ ಬಂದ ಮೇಲೇ ವಿಮಾನ ಹತ್ತುತ್ತೇನೆ ಎನ್ನಬೇಕೆಂದು ಮಾತ್ರ ಹೊಳೆದಿತ್ತು. ಪ್ರವಾಸಿ ವೀಸಾದಲ್ಲಿ ಬನ್ನಿ, ಎಲ್ಲರೂ ಹಾಗೇ ಬರುವುದು, ಬಂದ ಮೇಲೆ ಬದಲಾಯಿಸೋಣ ಎಂದಾಗ ಬಾಯಿ ಮುಚ್ಚಿಕೊಂಡಳು. ಬದಲಾಯಿಸುತ್ತೇವೆಂದು ತೆಗೆದುಕೊಂಡ ಪಾಸ್‌ಪೋರ್ಟ್ ಈಗ ಶಾಲೆಯ ನಿರ್ದೇಶಕನ ಬೀರುವಿನಲ್ಲಿತ್ತು.

ಆ ನಿರ್ದೇಶಕನನ್ನು ಅವಳು ಮನಸ್ಸಿನಲ್ಲಿ ನಗುಮುಖ ಎಂದು ಕರೆಯುತ್ತಿದ್ದಳು. ಅವನು ಬೈಯುವಾಗಲೂ ನಗುತ್ತಿದ್ದ. ಹಲ್ಲುಕಡ್ಡಿಯಿಂದ ಹಲ್ಲು ಕೆದಕುತ್ತಾ, ಕೆದಕಿ ತೆಗೆದದ್ದನ್ನು ಒಮ್ಮೆ ನೋಡಿ, ಮತ್ತೆ ನಗುತ್ತಿದ್ದ.

ಕೆಲಸ ಎನ್ನುವುದು ಇನ್ನೊಂದು ಹೇಸಿಗೆ. ಬೆಳಿಗ್ಗೆ ಗಾಜಿನ ಗೋಡೆಯ ತರಗತಿಯಲ್ಲಿ ಕೋಟು ಹಾಕಿಕೊಂಡು ನಿಲ್ಲಬೇಕು. ಮಕ್ಕಳನ್ನು ಸೇರಿಸಲು ಬಂದ ತಂದೆತಾಯಿಯರು ಹೊರಗೆ ನಿಂತು ನೋಡುತ್ತಾರೆ. ಒಳಗೆ ಅವೇ ಮಕ್ಕಳು ಅವೇ ವಾಕ್ಯಗಳನ್ನು ಗಿಳಿಗಳ ಹಾಗೆ ಒಪ್ಪಿಸುತ್ತವೆ. ಯಾವ ಮಗುವಿನ ತಪ್ಪನ್ನೂ ತಿದ್ದಕೂಡದು, ಹೊರಗಿನವರಿಗೆ ಕಾಣುತ್ತದೆ. ಮಧ್ಯಾಹ್ನದ ಮೇಲೆ ಕರಡಿ ವೇಷ ಹಾಕಿಕೊಂಡು ರಸ್ತೆಗಳು ಕೂಡುವಲ್ಲಿ ಶಾಲೆಯ ಕರಪತ್ರ ಹಂಚಬೇಕು. ಕರಡಿಯ ತಲೆಯೊಳಗೆ ಹಿಂದಿನ ದಿನ ಹಾಕಿಕೊಂಡವಳ ಬೆವರು, ಉಸಿರು, ಎಂಜಲಿನ ವಾಸನೆ. ಮೊದಲ ದಿನ ಅವಳು ಅದನ್ನು ಕಳಚಿ ಮೋರಿಯ ಪಕ್ಕ ವಾಂತಿ ಮಾಡಿಕೊಂಡಿದ್ದಳು.

ಮನೆಗೆ ಕಳಿಸಿದ್ದು ಮಾತ್ರ ಕೋಟಿನ ಫೋಟೊ. ಅಮ್ಮ ಫೋನಿನಲ್ಲಿ, "ಹೇಗಿದೀಯೇ?" ಎಂದಾಗಲೆಲ್ಲ, "ರಾಣಿ ಥರ ಇದೀನಮ್ಮಾ" ಎನ್ನುತ್ತಿದ್ದಳು. ಬರುವಾಗ ನೆಂಟರಿಷ್ಟರೆಲ್ಲ ವಿಮಾನ ನಿಲ್ದಾಣಕ್ಕೆ ಬಂದು ಕಳಿಸಿಕೊಟ್ಟಿದ್ದರು. ಆ ಮುಖಗಳಿಗೆ ಕರಡಿ ವೇಷದ ಸುದ್ದಿ ಹೇಳುವುದು ಹೇಗೆ?

ಒಂದು ದಿನ ನಗುಮುಖ ಅವಳನ್ನು ಕರೆದು, "ಸಿಹಿ ಸುದ್ದಿ. ನಿನ್ನ ತಂಗಿಯೂ ಬರುತ್ತಿದ್ದಾಳೆ," ಎಂದ.

ಚಿಕ್ಕಮ್ಮನ ಮಗಳು ಪುಟ್ಟಿ. ಅವಳೂ ಊರಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು. ಅಕ್ಕನ ಫೋಟೊ ನೋಡಿ, ಅಕ್ಕನಿಗೇ ಹೇಳದೆ ಅರ್ಜಿ ಹಾಕಿದ್ದಳು. ಇನ್ನು ಅಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡುವುದೊಂದೇ ಬಾಕಿ. "ಅವಳು ನಿನ್ನ ಜೊತೆ ಮಾತಾಡಬೇಕಂತೆ. ಮಾತಾಡು," ಎಂದು ನಗುಮುಖ ಟೀಚರಮ್ಮನನ್ನು ತೋರಿಸುವ ಕೋಣೆಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿದ. ಫೋನಿನ ಹಿಂದೆ ಕುರ್ಚಿ ಎಳೆದುಕೊಂಡು ತಾನು ಕುಳಿತ.

"ಅಕ್ಕಾ! ಏನ್ ರೂಮೇ ಇದು, ಹೋಟ್ಲು ಇದ್ದ ಹಾಗಿದೆ!" ಎಂದಳು ಪುಟ್ಟಿ.

ನಗುಮುಖನಿಗೆ ಕನ್ನಡ ಬಾರದು. ಟೀಚರಮ್ಮ ತುಟಿ ಅಗಲಿಸಿ ನಕ್ಕಳು. "ಪುಟ್ಟೀ, ಕೇಳಿಸ್ಕೋ. ಎದುರಿಗೆ ಇವನು ಕೂತಿದಾನೆ, ಅದಕ್ಕೇ ನಗ್ತಿದೀನಿ. ನೀನು ಇಲ್ಲಿಗೆ ಬರ್ಬೇಡ."

"ಹಾಂ?"

"ಈ ರೂಮು ನಂದಲ್ಲ. ನನ್ ಪಾಸ್‌ಪೋರ್ಟ್ ಇವನ ಹತ್ರ ಇದೆ. ರಾಜೀನಾಮೆ ಗೀಜೀನಾಮೆ ಕೊಟ್ಟುಬಿಟ್ಟೀಯ, ಜೋಕೆ."

ಪುಟ್ಟಿ ಕಿಸಕ್ಕನೆ ನಕ್ಕಳು. "ಸಾಕು ಸುಮ್ನಿರಕ್ಕಾ. ಹಲ್ಲು ಬಿಟ್ಕೊಂಡು ಹೆದರಿಸ್ತಾಳೆ!"

ಅಷ್ಟರಲ್ಲಿ ಚಿಕ್ಕಮ್ಮ ಫೋನು ಕಿತ್ತುಕೊಂಡರು. ಪರದೆಯ ತುಂಬ ಅವರ ಹಣೆ, ಒಂದು ಕಣ್ಣು.

"ಏನಮ್ಮಾ ಟೀಚರಮ್ಮಾ, ನೀನು ಹೋದ್ರೆ ಸ್ವರ್ಗ, ನನ್ ಮಗಳು ಹೊರಟ್ರೆ ನರಕವಾ? ಕೋಟು ಹಾಕ್ಕೊಂಡು ಫೋಟೊ ಕಳ್ಸಿದ್ಯಾರು? ರಾಣಿ ಥರ ಇದೀನಿ ಅಂತ ನಿಮ್ಮಮ್ಮನ ಹತ್ರ ಅಂದಿದ್ಯಾರು?"

"ಸುಳ್ಳು ಹೇಳಿದ್ದೆ, ಚಿಕ್ಕಮ್ಮ."

"ಯಾವುದು ಸುಳ್ಳು? ಅವತ್ತು ಹೇಳಿದ್ದಾ, ಇವತ್ತು ಹೇಳ್ತಿರೋದಾ? ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

ಟೀಚರಮ್ಮ ಇನ್ನೂ ನಗುತ್ತಲೇ ಇದ್ದಳು. ಕೆನ್ನೆ ನೋಯುತ್ತಿತ್ತು. ಮಾತು ಮುಗಿದ ಮೇಲೆ ನಗುಮುಖ ಹೆಬ್ಬೆರಳೆತ್ತಿ ಭೇಷ್ ಎಂದ. ಅವಳು ಕೆಳಗೆ ಬಂದು ಬಾಯಿ ಮುಕ್ಕಳಿಸಿದಳು. ನಾಲಿಗೆಯ ಮೇಲೆ ಏನೋ ಅಂಟಿದ ಹಾಗಿತ್ತು, ಹೋಗಲಿಲ್ಲ.

ಅಂದು ಸಂಜೆ ತಾನು ಮಲಗುವ ಕೋಣೆಯಿಂದಲೇ ಚಿಕ್ಕಮ್ಮನ ಮನೆಗೆ ಫೋನು ಹಚ್ಚಿದಳು. ಅಮ್ಮನನ್ನೂ ಅಲ್ಲಿಗೆ ಬರಹೇಳಿದ್ದಳು. ಫೋನನ್ನು ಕೋಣೆಯ ಸುತ್ತ ತಿರುಗಿಸಿದಳು. ನೆಲಕ್ಕೆ ಒತ್ತೊತ್ತಾಗಿ ಹಾಸಿದ ಹಾಸಿಗೆಗಳು, ಕಪ್ಪು ಬೂಷ್ಟು ಹಿಡಿದ ಗೋಡೆ, ನೀರು ಕಟ್ಟಿದ ಬಚ್ಚಲು, ಮೂಲೆಯಲ್ಲಿ ಕರಡಿಯ ತಲೆ.

"ಎಲ್ಲಿಯದೋ ಹಾಳುಬಿದ್ದ ಛತ್ರ ತೋರಿಸ್ತಿದಾಳೆ," ಎಂದರು ಚಿಕ್ಕಮ್ಮ. ತಪ್ಪು ಅವರದಲ್ಲ. ಇಂಥ ಫೋನಿನಲ್ಲೇ ಟೀಚರಮ್ಮ ತಾನೂ ಸುಳ್ಳು ಕೋಣೆಯನ್ನು ನಂಬಿದ್ದಳು. ನಿಜವಾದದ್ದನ್ನು ಅವರು ಯಾಕೆ ನಂಬಬೇಕು?

ಆಗ ಅಮ್ಮ, "ನಿನ್ ಪಾಸ್‌ಪೋರ್ಟ್ ತೋರ್ಸು," ಎಂದಳು.

"ನನ್ ಹತ್ರ ಇಲ್ಲಮ್ಮಾ."

"ಕೊಡು ಅಂತ ಕೇಳಿದ್ಯಾ?"

"ಕೇಳ್ದೆ. ಇನ್ನೊಬ್ಬ ಟೀಚರನ್ನ ಕರ್ಸು, ಆಮೇಲೆ ನೋಡೋಣ ಅಂದ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟಿಯ ಮುಖ ಬಿಳಿಚಿಕೊಂಡಿತು. "ನಾ ಹೋಗಲ್ಲಮ್ಮಾ," ಎಂದಳು, ಇಷ್ಟೇ ಇಷ್ಟು ದನಿಯಲ್ಲಿ.

ಚಿಕ್ಕಮ್ಮ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಬಂದರು. ಆಮೇಲೆ, "ಆಯ್ತು, ಆಗಿದ್ದಾಯ್ತು. ಆದ್ರೆ ಈ ವಿಷ್ಯ ಮನೆ ಹೊಸ್ತಿಲು ದಾಟ್ಬಾರ್ದು. ಜನ ಆಡಿಕೊಳ್ತಾರೆ. ಟೀಚರಮ್ಮಾ, ಹೇಗಾದ್ರೂ ವರ್ಷ ಮುಗಿಸ್ಕೊಂಡು ಬಾ," ಎಂದರು.

"ವರ್ಷವಂತೆ ವರ್ಷ! ನೀನು ಬಾಯ್ಮುಚ್ಚು," ಎಂದಳು ಅಮ್ಮ.

ಮರುವಾರ ನಗುಮುಖ ಮತ್ತೆ ಕರೆದ. "ನಿನ್ನ ತಂಗಿಗೆ ಮದುವೆ ಗೊತ್ತಾಗಿದೆಯಂತೆ, ಬರುವುದಿಲ್ಲವಂತೆ. ಪರವಾಗಿಲ್ಲ. ಅವಳ ಶಾಲೆಯವಳೇ ಇನ್ನೊಬ್ಬಳು ಬರುತ್ತಿದ್ದಾಳೆ. ಚೆನ್ನಾಗಿ ಮಾತಾಡು. ಅವಳು ಬಂದಿಳಿದ ದಿನ ನಿನ್ನ ಪಾಸ್‌ಪೋರ್ಟ್ ನಿನ್ನ ಕೈಗೆ."

ಅವನು ಹೆಸರು ಹೇಳಿದ ಕೂಡಲೇ ಆ ಇನ್ನೊಬ್ಬಳು ಯಾರೆಂದು ಟೀಚರಮ್ಮನಿಗೆ ಗೊತ್ತಾಯಿತು. ಪುಟ್ಟಿ ಸದಾ ದೂರುತ್ತಿದ್ದ ಕನ್ನಡಕದ ಮೇಡಂ. ಅವರಿಗೆ ಹೇಳಿದೆಯಾ ಎಂದು ಪುಟ್ಟಿಗೆ ಸಂದೇಶ ಕಳಿಸಿದಳು. ಉತ್ತರ ತಕ್ಷಣ ಬಂತು: "ಇಲ್ಲ. ಅಮ್ಮ ಆಣೆ ಹಾಕ್ಸಿದಾರೆ. ಅಲ್ದೆ ಅವರು ಪ್ರಿನ್ಸಿಪಾಲರ ಹತ್ರ ನನ್ ಬಗ್ಗೆ ಚಾಡಿ ಹೇಳ್ದವರು. ಹೋಗ್ಲಿ ಬಿಡಕ್ಕಾ, ನಿಂಗೂ ಬಿಡುಗಡೆ ಆಗತ್ತಲ್ಲ." ಕೊನೆಯಲ್ಲಿ ಕಣ್ಣು ಮಿಟುಕಿಸುವ ಒಂದು ಹಳದಿ ಮುಖ.

ಟೀಚರಮ್ಮ ಫೋನನ್ನು ಹಾಸಿಗೆಯ ಮೇಲೆ ಎಸೆದಳು. ಹಂದಿಗಳು, ಎಂದುಕೊಂಡಳು. ಆ ಉತ್ತರ ಓದಿದ ಅರೆಕ್ಷಣ ತನ್ನ ಎದೆ ಹಗುರಾಗಿದ್ದೂ ಅವಳಿಗೆ ತಿಳಿದಿತ್ತು. ಹೇಸಿಗೆಯೆನಿಸಿದ್ದು ಅದಕ್ಕೆ.

ಕನ್ನಡಕದ ಮೇಡಂ ತಲೆ ಬಾಚಿ, ಸೀರೆಗೆ ಪಿನ್ನು ಹಾಕಿಕೊಂಡು ಪರದೆಯ ಮೇಲೆ ಬಂದರು. "ನಮಸ್ಕಾರಮ್ಮಾ. ನಿಮ್ ತಂಗಿ ತುಂಬಾ ಹೇಳಿದಾರೆ ನಿಮ್ ಬಗ್ಗೆ. ಒಂದೆರಡು ವಿಷ್ಯ ಕೇಳ್ಲಾ? ಅಲ್ಲಿ ಚಳಿ ಜಾಸ್ತಿನಾ? ಸ್ವೆಟರ್ ಎಷ್ಟು ತರ್ಬೇಕು?"

"ಸ್ವೆಟರ್ ಬಿಡಿ ಮೇಡಂ," ಎಂದಳು ಟೀಚರಮ್ಮ. ಈ ಸಲ ನಗಲಿಲ್ಲ. ಎದುರಿನಿಂದ ನಗುಮುಖ ತನ್ನ ತುಟಿಗಳನ್ನು ಬೆರಳಿನಿಂದ ಅಗಲಿಸಿ ತೋರಿಸಿದ. ಅವಳು ಫೋನನ್ನು ಕೈಗೆತ್ತಿಕೊಂಡು ಅವನ ಕಡೆಗೇ ತಿರುಗಿಸಿದಳು.

"ಇವನನ್ನ ಸರಿಯಾಗಿ ನೋಡ್ಕೊಳ್ಳಿ. ನನ್ ಪಾಸ್‌ಪೋರ್ಟ್ ಇವನ ಬೀರುನಲ್ಲಿದೆ, ನಿಮ್ದೂ ಅಲ್ಲಿಗೇ ಹೋಗತ್ತೆ. ಪುಟ್ಟಿಗೆ ಯಾವ ಮದುವೆನೂ ಇಲ್ಲ. ಇಲ್ಲಿನ ವಿಷ್ಯ ತಿಳಿದು ತಪ್ಪಿಸ್ಕೊಂಡಳು, ನಿಮಗೆ ಹೇಳ್ಲಿಲ್ಲ."

ತನ್ನ ಪರಿಚಯ ಮಾಡಿಕೊಡುತ್ತಿದ್ದಾಳೆಂದು ನಗುಮುಖ ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದು ಕೈ ಬೀಸಿದ.

"ಅಯ್ಯೋ," ಎಂದರು ಕನ್ನಡಕದ ಮೇಡಂ. "ಇವತ್ತು ಬೆಳಿಗ್ಗೆ ರಾಜೀನಾಮೆ ಕೊಟ್ಟು ಬಂದ್ನಲ್ಲಮ್ಮಾ."

"ಹೋಗಿ ವಾಪಸ್ ಇಸ್ಕೊಳ್ಳಿ. ಕೂತ್ಕೊಂಡು ಅಳ್ಬೇಡಿ. ಫೋನಿಟ್ಟು ಈಗ್ಲೇ ಹೋಗಿ."

ಪರದೆ ಕಪ್ಪಾಯಿತು. ನಗುಮುಖ ಇನ್ನೂ ಕೈ ಬೀಸುತ್ತಲೇ ಇದ್ದ.