ಉಪ್ಪು ಹಿಡಿದ ರೀಲು

ಹಿತ್ತಲಿನ ಬಿಲ್ವದ ಮರದ ಕಡೆಯಿಂದ ಬರುತ್ತಿದ್ದ ವಚನ ಸಾಲಿನ ನಡುವೆ ನಿಂತುಹೋಯಿತು. ಮದುವೆಯಾಗಿ ಬಂದ ದಿನದಿಂದ ಬೆಳಿಗ್ಗೆ ಬೆಳಿಗ್ಗೆ ಅದನ್ನೇ ಕೇಳುತ್ತ ಬಂದ ಮಾಲಿನಿಗೆ, ಅತ್ತೆ ಆ ಜಾಗದಲ್ಲಿ ಉಸಿರಿಗೆಂದು ನಿಲ್ಲುವವರಲ್ಲವೆಂದು ಗೊತ್ತಿತ್ತು. ಅಂದು ತುಮಕೂರಿನ ಬಸ್ಸು ಹಿಡಿಯಬೇಕಿದ್ದ ಅವಳು, ತನಗೆಂದು ಕಟ್ಟುತ್ತಿದ್ದ ಊಟದ ಡಬ್ಬಿಯನ್ನು ಹಾಗೇ ಬಿಟ್ಟು ಓಡಿದಳು.

ಸರ್ವಮಂಗಳಮ್ಮ ಹಾಳುಬಾವಿಯ ಕಟ್ಟೆ ಹಿಡಿದು ನಿಂತಿದ್ದರು. ಇನ್ನೊಂದು ಕೈ ಎದೆಯ ಮೇಲಿತ್ತು. ಅಲ್ಲಿರಬೇಕಾದ ಕರಡಿಗೆ ಇರಲಿಲ್ಲ. ಪತ್ರೆ ಕಿತ್ತು ತಲೆ ಎತ್ತುವಾಗ ಶಿವದಾರ ಕೊಂಬೆಗೆ ಸಿಕ್ಕಿಕೊಂಡು ತಲೆಯ ಮೇಲಿಂದ ಕಳಚಿ, ಇಷ್ಟಲಿಂಗವಿದ್ದ ಬೆಳ್ಳಿಯ ಕರಡಿಗೆ ಬಾವಿಯೊಳಕ್ಕೆ ಜಾರಿತ್ತು.

"ನೀರಿಗೆ ಬಿತ್ತಾ ಅತ್ತೆ?"

"ಇಲ್ಲ ಕಣೇ. ಬೇರಲ್ಲಿ ನಿಂತೈತೆ ನೋಡು."

ಕಲ್ಲುಗಳ ಸಂದಿಯಿಂದ ಹೊರಬಂದ ಅರಳಿಯ ಬೇರೊಂದಕ್ಕೆ ಶಿವದಾರ ತೊಡರಿ, ಕರಡಿಗೆ ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು. ಅದರ ಕೆಳಗೆ ಕಪ್ಪು ನೀರು, ನೀರಿನಡಿಯಲ್ಲಿ ಎಷ್ಟೋ ವರ್ಷದ ಕೆಸರು. ಬಿದ್ದರೆ ಮತ್ತೆ ಸಿಗುವ ಮಾತಿರಲಿಲ್ಲ.

ಲಿಂಗ ಮೈಮೇಲಿಲ್ಲದೆ ಸರ್ವಮಂಗಳಮ್ಮ ಗುಟುಕು ನೀರನ್ನೂ ನುಂಗುವವರಲ್ಲ. ಮಾಲಿನಿ ಹೆದರಿದ್ದು ಅದಕ್ಕೇ. ದಿನವೂ ಪೂಜೆಯಾದ ಮೇಲೆ ಇನ್ಸುಲಿನ್, ಅದರ ಬೆನ್ನಿಗೇ ತಿಂಡಿ. ಇವತ್ತು ಮಾತ್ರ ಬಸ್ಸು ತಪ್ಪೀತೆಂದು ಅವಳೇ ಪೂಜೆಗೆ ಮೊದಲೇ ಸೂಜಿ ಚುಚ್ಚಿಬಿಟ್ಟಿದ್ದಳು. ಔಷಧ ಒಳಗೆ ಕೆಲಸ ಶುರುಮಾಡಿಯಾಗಿತ್ತು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಗಂಡ ಗುರುಪ್ರಕಾಶ ಬಂದು ಬಾವಿಗೆ ಬಗ್ಗಿ ನೋಡಿದ. ಬೇರಿನ ಮೇಲುಗಡೆಯ ಕಟ್ಟೆ ಹೋದ ಮಳೆಗಾಲದಲ್ಲೇ ಕುಸಿದಿತ್ತು. ಅಲ್ಲಿ ಕಾಲಿಟ್ಟರೆ ಕಲ್ಲು ಉರುಳುತ್ತದೆ. ಕಾಯಿ ಕೀಳುವ ದೋಟಿ ತಂದು ಈಚೆಯಿಂದ ಚಾಚಿದ. ಎಟುಕಲಿಲ್ಲ.

"ಬಿಂದಿಗೆ ಎತ್ತೋ ಪಾತಾಳಗರಡಿ ಬಿಡೋಣ್ವಾ?" ಎಂದ.

"ಅಷ್ಟು ಭಾರದ್ದು ತಗುಲಿದ್ರೆ ಬೇರು ಸಮೇತ ಕಿತ್ಕೊಂಡು ಹೋಗುತ್ತೆ ಕಣ್ರೀ!"

ಮಾಲಿನಿ ಫೋನಿನಲ್ಲಿ ಡಾಕ್ಟರನ್ನು ಕೇಳಿದಳು. ಸಕ್ಕರೆ ಕೊಡಿ, ಈಗಲೇ ಕೊಡಿ ಎಂದರು. ಜೇನಿನ ಬಾಟಲಿ ಹಿಡಿದು ಅತ್ತೆಯ ಮುಂದೆ ಕೂತಳು. ಸರ್ವಮಂಗಳಮ್ಮ ತುಟಿ ಬಿಗಿಹಿಡಿದು ತಲೆಯಾಡಿಸಿದರು. ಆಸ್ಪತ್ರೆಗೆ ಹೋಗೋಣವೆಂದರೆ, "ಆ ಶಿವನನ್ನ ಇಲ್ಲಿ ನೇತಾಕ್ಬುಟ್ಟು ನಾನು ಕಾರಲ್ಲಿ ಕೂತ್ಕಂಡು ಹೋಗ್ಲಾ?" ಎಂದರು. ಅವರ ಬೆರಳು ಚುಚ್ಚಿ ನೋಡಿದರೆ ಸಕ್ಕರೆಯ ಮೆಷಿನ್ನು ಎಪ್ಪತ್ನಾಲ್ಕು ತೋರಿಸಿತು. ಅವರು ಬಾವಿಕಟ್ಟೆಗೊರಗಿ ಕೂತು, ನಡುವೆ ಬಿಟ್ಟ ಸಾಲಿನಿಂದಲೇ ವಚನ ಮುಂದುವರಿಸಿದರು.

ಪಕ್ಕದ ತೋಟದ ಅನಂತರಾಜು ಬೇಲಿ ದಾಟಿ ಬಂದದ್ದು ಆಗ. ವಿದ್ಯುತ್ ಕಚೇರಿಯ ನೌಕರ, ರಜಾ ಸಿಕ್ಕಿದರೆ ಸಮುದ್ರಕ್ಕೆ ಗಾಳ ಹಾಕಲು ಹೋಗುವವನು. ವಿಷಯ ಕೇಳಿದವನೇ ಕಾರಿನ ಡಿಕ್ಕಿಯಿಂದ, ದಾರ ಸುತ್ತುವ ರೀಲು ಕೂಡಿಸಿದ ಗಾಳದ ಕೋಲು ತಂದ.

"ಎದುರುಗಡೆಯಿಂದ ಕೊಕ್ಕೆ ಇಳಿಸಿ ಶಿವದಾರಕ್ಕೆ ಸಿಗಿಸ್ತೀನಿ ಗುರು. ನಾಜೂಕಾಗಿ ಮೇಲಕ್ಕೆ ಸುತ್ಕೊಳ್ಳೋದು, ಅಷ್ಟೇ."

ಗುರುಪ್ರಕಾಶ ತಾಯಿಯ ಮುಖ ನೋಡಿದ. "ಮೀನು ಹಿಡಿಯೋ ಕೊಕ್ಕೆಲಿ..."

ಸರ್ವಮಂಗಳಮ್ಮ ಕಣ್ಣು ತೆರೆದರು. "ತೊಳೆದಿದೀಯೇನಪ್ಪ ಅನಂತ?"

ಅನಂತರಾಜು ತಲೆ ಕೆರೆದುಕೊಂಡ. "ಇಲ್ಲ ಅಮ್ಮಾವ್ರೇ. ಮಲ್ಪೆಯಿಂದ ನಿನ್ನೆ ಬಂದಿದ್ದು. ಹಂಗೇ ಇಟ್ಟಿದ್ದೆ."

ಬೇಲಿಯಾಚೆ ನಿಂತಿದ್ದ ಅವನ ಹೆಂಡತಿ ಪ್ರಮೀಳಾ ಸುಮ್ಮನಿರಲಿಲ್ಲ. "ಬಂದ ತಕ್ಷಣ ತೊಳೀರಿ ಅಂದ್ರೆ, ಮೀನು ತೊಳೆಯೋದು ನಿನ್ ಕೆಲ್ಸ, ರೀಲು ತೊಳೆಯೋದು ನನ್ ಕೆಲ್ಸ ಅಂದ್ರು. ನನ್ ಮೀನು ಸಾರಾಗಿ ಖಾಲಿನೂ ಆಯ್ತು. ಇವರ್ದು ಇನ್ನೂ ಡಿಕ್ಕೀಲೇ ಐತೆ!"

"ತೊಳ್ದು ಬುಡಪ್ಪ," ಎಂದರು ಸರ್ವಮಂಗಳಮ್ಮ. "ತೊಳ್ದ ಮೇಲೆ ಇನ್ನೇನು."

"ಮೊದ್ಲು ಎತ್ಬಿಡ್ತೀನಿ ಅಮ್ಮಾವ್ರೇ, ಟೈಮಿಲ್ಲ," ಎಂದ ಅನಂತರಾಜು ಗಾಳದ ದಾರಕ್ಕೆ ಒಂದು ಕಲ್ಲು ಕಟ್ಟಿ ಪರೀಕ್ಷೆಗೆಂದು ರೀಲಿನ ಹಿಡಿ ತಿರುಗಿಸಿದ. ರೀಲು ಕರಕರ ಎಂದಿತು, ನಿಂತಿತು, ಮತ್ತೆ ಧಡಕ್ಕನೆ ತಿರುಗಿತು. ನೆಲದ ಮೇಲಿನ ಕಲ್ಲು ಎಗರಿ ಬಿತ್ತು. ದಾರ ಹಾದುಬರುವ ಪುಟ್ಟ ಗಾಲಿಯ ಸುತ್ತ ಉಪ್ಪು ಬೆಳ್ಳಗೆ ಕಟ್ಟಿ ಅದು ಅಲುಗದಂತಾಗಿತ್ತು.

ಆ ಕಲ್ಲಿನ ಜಾಗದಲ್ಲಿ ಕರಡಿಗೆಯಿದ್ದಿದ್ದರೆ?

ಅನಂತರಾಜು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತ. ಗುರುಪ್ರಕಾಶ ಪೈಪು ಎಳೆದು, ಬಾಯಿಗೆ ಹೆಬ್ಬೆರಳೊತ್ತಿ ನೀರು ಚಿಮ್ಮಿಸಲು ಬಂದ.

"ಏಯ್, ಹಂಗ್ ಬಿಡ್ಬೇಡ ಕಣೋ! ರಭಸಕ್ಕೆ ಉಪ್ಪು ಇನ್ನೂ ಒಳಕ್ಕೆ ನುಗ್ತದೆ. ನಿಮ್ ಬೋರಿನ ನೀರೇ ಅರ್ಧ ಉಪ್ಪು. ಕುಡಿಯೋ ನೀರು ತಗೊಂಬಾ. ಬೆಚ್ಚಗಿರ್ಲಿ, ಬಿಸಿ ಬೇಡ."

ಮಾಲಿನಿ ಚೊಂಬಿನಲ್ಲಿ ನೀರು ತಂದು ಸಣ್ಣ ಧಾರೆಯಾಗಿ ಬಿಟ್ಟಳು. ಒಳಕ್ಕೆ ನೀರಿಳಿಯದಂತೆ ಅನಂತರಾಜು ದಾರದ ಬಿಗಿ ಹೊಂದಿಸುವ ಮೇಲಿನ ತಿರುಪನ್ನು ಬಿಗಿಮಾಡಿಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗಾಲಿಯ ಸುತ್ತ ಉಜ್ಜಿದ. ಉಪ್ಪು ಕರಗಿ ಹಾಲಿನಂತೆ ಹರಿಯಿತು. ಆದರೂ ಗಾಲಿ ಮಿಸುಕಲಿಲ್ಲ. ಅವಸರದಲ್ಲಿ ಚಾಕುವಿನ ತುದಿ ತೂರಿಸಲು ಹೋದವನು, ಗಾಲಿಗೆ ಗೀರು ಬಿದ್ದರೆ ಅದರ ಮೇಲೆ ಹಾಯುವ ದಾರ ಹರಿಯುತ್ತದೆಂದು ಕೈ ಹಿಂದೆಗೆದ. ಮತ್ತೆ ನೀರು. ಮತ್ತೆ ಬ್ರಷ್ಷು.

ಮಾಲಿನಿಯ ಕಣ್ಣು ಚೊಂಬಿನ ಮೇಲಿತ್ತು, ಕಿವಿ ಅತ್ತೆಯ ಕಡೆಗಿತ್ತು. ವಚನದ ಯಾವ ಸಾಲಿನ ಹಿಂದೆ ಯಾವುದು ಬರುತ್ತದೆಂದು ಅವಳಿಗೆ ಬಾಯಿಪಾಠ. ದನಿ ಸಣ್ಣಗಾದರೂ ಸಾಲು ಸರಿಯಾಗಿ ಸಾಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಸಾಲು ಎರಡು ಸಲ ಬಂತು. ಅದು ಎರಡು ಸಲ ಹೇಳುವ ಸಾಲಲ್ಲ.

ಚೊಂಬನ್ನು ಗಂಡನ ಕೈಗೆ ಕೊಟ್ಟು ಓಡಿ ಬೆರಳು ಚುಚ್ಚಿದಳು. ಅರವತ್ತೊಂದು. ಅತ್ತೆಯ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿಯುತ್ತಿತ್ತು.

"ಅನಂತಣ್ಣ, ಬೇಗ!"

"ದಾರ ನೋಡಮ್ಮ ಇಲ್ಲಿ. ಹೆಂಗೆ ಒರಟಾಗೈತೆ." ಅವನು ರೀಲಿನಿಂದ ಮಾರುಗಟ್ಟಲೆ ದಾರ ಬಿಚ್ಚಿ ಬಕೆಟ್ಟಿನಲ್ಲಿ ಅದ್ದಿ, ಒದ್ದೆಬಟ್ಟೆಯ ನಡುವೆ ಎಳೆಯುತ್ತ ಬಂದ. ಬೆರಳಿಗೆ ಗೀರು ಸಿಕ್ಕ ತುದಿಯನ್ನೆಲ್ಲ ಕತ್ತರಿಸಿ ಎಸೆದ. ಗುರುಪ್ರಕಾಶ ಅಡುಗೆಮನೆಗೆ ನುಗ್ಗಿ ಗಾಣದ ಕೊಬ್ಬರಿ ಎಣ್ಣೆ ತಂದು ಇನ್ನೇನು ಬಳಿಯುವುದರಲ್ಲಿದ್ದ.

"ಗುರು, ಈ ಚಳೀಲಿ ನಿಮ್ಮನೆ ಎಣ್ಣೆ ಬಾಟ್ಲಲ್ಲೇ ಬೆಣ್ಣೆ ಥರ ಕೂತೈತೆ. ರೀಲಲ್ಲಿ ಇನ್ನೇನಾಗ್ತದೆ? ಪ್ರಮೀಳಾ, ಹೊಲಿಗೆ ಮೆಷಿನ್ನಿನ ಎಣ್ಣೆ ತಾರೇ!"

ಪ್ರಮೀಳಾ ಓಡಿಹೋಗಿ ತಂದು ಬೇಲಿಯ ಮೇಲಿಂದಲೇ ಡಬ್ಬಿ ಎಸೆದಳು. ಅನಂತರಾಜು ರೀಲನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಲಿಗೊಂದು ಹನಿ, ಹಿಡಿಯ ಬುಡಕ್ಕೊಂದು ಹನಿ. ಬೆರಳಲ್ಲಿ ಒತ್ತಿ ಹಿಂದೆ ಮುಂದೆ ಆಡಿಸಿದ. ಎಣ್ಣೆಯ ಜೊತೆ ಕಂದು ನೀರು ಹೊರಬಂತು. ಆಮೇಲೆ, ಮಾಲಿನಿ ಅಷ್ಟು ದೂರದಿಂದಲೂ ಕೇಳಿದಳು, ಗಾಲಿ ಸುಯ್ಯೆಂದು ತಿರುಗಿತು.

ಅವನು ಪೊಟ್ಟಣ ಹರಿದು ಹೊಸ ಕೊಕ್ಕೆ ತೆಗೆದು ಸರ್ವಮಂಗಳಮ್ಮನಿಗೆ ಕಾಣುವಂತೆ ಎತ್ತಿ ಹಿಡಿದ. "ಇದು ಯಾವ ಜೀವಾನೂ ಮುಟ್ಟಿಲ್ಲ ಅಮ್ಮಾವ್ರೇ." ಅವರು ನೋಡಿದರೋ ಇಲ್ಲವೋ ತಿಳಿಯಲಿಲ್ಲ.

ಕೊಕ್ಕೆ ಬಾವಿಗಿಳಿಯಿತು. ಮೊದಲ ಸಲ ಬೇರಿಗೆ ತಾಗಿ ಕರಡಿಗೆ ಗಿರ್ರನೆ ತಿರುಗಿತು. ಗುರುಪ್ರಕಾಶ "ಶಿವನೇ" ಎಂದು ಕಣ್ಣು ಮುಚ್ಚಿದ. ಅನಂತರಾಜು ಅದು ಸುತ್ತುವುದು ನಿಲ್ಲುವ ತನಕ ಕೋಲು ಅಲುಗಿಸದೆ ಕಾದ. ಮತ್ತೆ ಇಳಿಸಿದ. ಕೊಕ್ಕೆ ಶಿವದಾರದ ಕುಣಿಕೆಯೊಳಗೆ ಹೋಯಿತು.

ವಚನ ಆಗ ನಿಂತಿತು.

ಮಾಲಿನಿ ತಿರುಗಿದಳು. ಅತ್ತೆಯ ತಲೆ ಭುಜಕ್ಕೆ ವಾಲಿತ್ತು. ಕೂಗಿದರೆ ಕಣ್ಣು ತೆರೆಯಲಿಲ್ಲ.

"ರೀ, ಅತ್ತೆ ಮಾತಾಡ್ತಿಲ್ಲ!"

"ಬಂತು ಕಣೇ, ಬಂತು, ಒಂದು ನಿಮಿಷ ತಡಿ!" ಗುರುಪ್ರಕಾಶ ಬಾವಿಯಿಂದ ಕಣ್ಣು ಕೀಳಲಿಲ್ಲ. ಶಿವದಾರ ಬೇರಿನ ಕವಲಿಗೆ ಸಿಕ್ಕಿತ್ತು. ಅನಂತರಾಜು ಎಳೆದಷ್ಟೂ ಬೇರು ಬಿಲ್ಲಿನಂತೆ ಬಾಗುತ್ತಿತ್ತು. ಬೇರು ಚಿಮ್ಮಿದರೆ ಹಳೆಯ ಶಿವದಾರ ಉಳಿಯುವುದಿಲ್ಲ. ಅವನು ಮೇಲಿನ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ. ರೀಲು ಟಿಕ್ ಟಿಕ್ ಎನ್ನುತ್ತ ದಾರ ಬಿಟ್ಟುಕೊಟ್ಟಿತು. ಬೇರು ಹಿಂದಕ್ಕೆ ಸರಿಯಿತು. ಅವನು ಇನ್ನೊಂದು ಮಗ್ಗುಲಿಗೆ ನಡೆದು ಮತ್ತೆ ಎಳೆಯತೊಡಗಿದ.

ಆ ಒಂದು ನಿಮಿಷ ಎಷ್ಟು ಉದ್ದವೆಂದು ಯಾರಿಗೆ ಗೊತ್ತು? ಮಾಲಿನಿ ಬೆರಳನ್ನು ಜೇನಿನಲ್ಲಿ ಅದ್ದಿದಳು. ಬಿಗಿದಿದ್ದ ತುಟಿ ಈಗ ಸಡಿಲವಾಗಿತ್ತು. ಬೆರಳನ್ನು ಅತ್ತೆಯ ಕೆನ್ನೆಯ ಒಳಮಗ್ಗುಲಿಗೆ ಸವರಿದಳು. ಮತ್ತೆ ಅದ್ದಿ ಸವರಿದಳು. ಯಾರೂ ನೋಡಲಿಲ್ಲ.

ಬೇರಿನ ಕವಲಿನಿಂದ ಬಿಡಿಸಿಕೊಂಡು ಕರಡಿಗೆ ಮೇಲೆ ಬಂತು. ಗುರುಪ್ರಕಾಶ ಎರಡೂ ಕೈಯಲ್ಲಿ ಬಾಚಿ, ಓಡಿಬಂದು ತಾಯಿಯ ಕೊರಳಿಗೆ ಹಾಕಿದ. ಅನಂತರಾಜು ಕೋಲು ಹಿಡಿದೇ ನೆಲಕ್ಕೆ ಕುಸಿದು ಕೂತ. ಬೆಳ್ಳಿಯ ತಂಪಿಗೋ ಜೇನಿಗೋ, ಸ್ವಲ್ಪ ಹೊತ್ತಿಗೆ ಸರ್ವಮಂಗಳಮ್ಮನ ರೆಪ್ಪೆ ಅಲುಗಿತು. ಕೈ ಎದೆಗೆ ಹೋಗಿ ಕರಡಿಗೆಯನ್ನು ಹುಡುಕಿ ಹಿಡಿದುಕೊಂಡಿತು.

"ನೋಡಿದೇನವ್ವ, ತಡ್ಕೊಂಡಿದ್ದಕ್ಕೂ ಸಾರ್ಥಕ ಆಯ್ತು. ನಿನ್ ನೇಮ ಉಳೀತು," ಎಂದ ಗುರುಪ್ರಕಾಶ.

ಸರ್ವಮಂಗಳಮ್ಮ ನಾಲಗೆಯಿಂದ ಕೆನ್ನೆಯ ಒಳಗನ್ನು ಮುಟ್ಟಿ ನೋಡಿಕೊಂಡರು. ಸೊಸೆಯ ಕಡೆ ತಿರುಗಿದರು.

"ಮಾಲಿನಿ. ಕರಡಿಗೆ ಬರೋಕ್ ಮುಂಚೆನಾ, ಆಮೇಲಾ?"

ಆಮೇಲೆ ಎಂದರೆ ಮುಗಿಯುತ್ತಿತ್ತು. ಮಾಲಿನಿ ಗಂಡನ ಮುಖ ನೋಡಿದಳು, ಬಾಟಲಿಯನ್ನು ನೋಡಿದಳು.

"ಮುಂಚೆ, ಅತ್ತೆ."

ಅನಂತರಾಜು ದಾರ ಸುತ್ತಿಕೊಳ್ಳತೊಡಗಿದ. ಸರ್ವಮಂಗಳಮ್ಮ ಬೈಯಲಿಲ್ಲ, ಹೋಗಲಿ ಎನ್ನಲೂ ಇಲ್ಲ. ಕರಡಿಗೆ ತೆರೆದು ಲಿಂಗವನ್ನು ಪೂಜೆಗೆಂದು ಎಡಗೈಯಲ್ಲಿಟ್ಟುಕೊಂಡರು. ಕೈ ನಡುಗಿ ಲಿಂಗ ಅತ್ತಿತ್ತ ಓಲಾಡಿತು.

"ಹಂಗೇನ್ ನಿಂತಿದೀಯ?" ಎಂದರು. ದನಿ ಇನ್ನೂ ಗಡುಸಾಗಿತ್ತು. "ಕೆಳಗೆ ನಿನ್ ಕೈ ಕೊಡು."

ಮಾಲಿನಿ ಮಂಡಿಯೂರಿ, ಜೇನು ಮೆತ್ತಿದ್ದ ಬೆರಳನ್ನು ಚೊಂಬಿನ ನೀರಲ್ಲಿ ತೊಳೆದುಕೊಂಡು, ಅತ್ತೆಯ ಅಂಗೈಯ ಕೆಳಗೆ ತನ್ನ ಅಂಗೈ ಒಡ್ಡಿದಳು.