ಹೆಳವ ಓದದ ಹೆಸರು

ದಿನವನ್ನಷ್ಟೇ ಹೇಳಿದರೆ ಸಾಕೇ, ವರ್ಷವನ್ನೂ ಹೇಳಬೇಕೇ? ಅಪ್ಪ ಕೇಳಿ ಕಳಿಸಿದ್ದು ದಿನವನ್ನು ಮಾತ್ರ. ಆದರೆ ವರ್ಷ ಬಚ್ಚಿಟ್ಟು ದಿನ ಹೇಳುವುದೂ ಸುಳ್ಳೇ ಅಲ್ಲವೇ? ಮುನವಳ್ಳಿಯಿಂದ ಬೈಲಹೊಂಗಲಕ್ಕೆ ಹೊರಟ ಬಸ್ಸಿನಲ್ಲಿ ಕುಳಿತ ಶಂಕರೆಪ್ಪನಿಗೆ ಯಾವುದೂ ಬಗೆಹರಿಯಲಿಲ್ಲ.

ಅಪ್ಪ ಬಸಲಿಂಗಪ್ಪ ಎರಡು ವರ್ಷದ ಕೂಸಾಗಿದ್ದಾಗಲೇ ತಾಯಿ ಚನ್ನವ್ವ ತೀರಿಕೊಂಡಳೆಂದು ಮನೆಯವರ ನಂಬಿಕೆ. ಪ್ರತಿ ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಿಡಿಯುವಾಗ ಅಪ್ಪ ಅವಳ ಹೆಸರಿನಲ್ಲಿ ಒಂದು ಸೀರೆ ಇಡುತ್ತಿದ್ದ. ಈಗ ಜವಳಿ ಅಂಗಡಿ ಮುಚ್ಚಿ, ಹಾಸಿಗೆ ಹಿಡಿದು ಆರು ತಿಂಗಳು. ತೊಂಬತ್ತೆಂಟರ ಈ ಸುಗ್ಗಿಗೆ ಮನೆಮನೆಯ ವಂಶಾವಳಿ ಬರೆದಿಟ್ಟು ಓದುವ ಹೆಳವ ಎತ್ತು ಹೊಡೆದುಕೊಂಡು ಬಂದು, ಕಟ್ಟೆಯ ಮೇಲೆ ಹೊತ್ತಿಗೆ ಬಿಚ್ಚಿ ಏಳು ತಲೆಮಾರು ಓದಿದ. ಎಂದಿನಂತೆ ಚನ್ನವ್ವನ ಹೆಸರು ಬರಲಿಲ್ಲ.

"ನಮ್ಮವ್ವ ಯಾವ ದಿನಾ ಹೋದ್ಲು, ಅಷ್ಟ ಕೇಳ್ಕೊಂಡ ಬಾರೋ," ಎಂದ ಅಪ್ಪ ಒಳಗಿನಿಂದ. "ಆ ದಿನಕ್ಕ ಒಂದ ಸಲನಾರ ಎಡಿ ಹಿಡದ ಹೋಗ್ತೇನಿ."

ಜೋಳದ ಚೀಲ ಎತ್ತಿನ ಮೇಲೆ ಹೇರುತ್ತಿದ್ದ ಹೆಳವ ದನಿ ತಗ್ಗಿಸಿದ. "ಉಡಕಿ ಆಗಿ ಹೋದಾಕಿ ಹೆಸರ ಮೊದಲನೇ ಮನ್ಯಾಗ ಓದಂಗಿಲ್ರಿ. ಮುನವಳ್ಳಿ ಮನಿ ಹೊತ್ತಿಗ್ಯಾಗ ಅದಾಳ. ಓದಲಿಲ್ಲಂದ್ರ ಸತ್ಲಂತ ತಿಳಕೊಂಡ್ರೇನ್ರಿ? ಸಾಲಿ ಕಲತವ್ರು ನೀವು, ಕೇಳಬೇಕಿತ್ತ ನೋಡ್ರಿ."

ಗಂಡ ಸತ್ತವಳು ಉಡಕಿಯಾಗಿ ಇನ್ನೊಬ್ಬನ ಮನೆಗೆ ಹೋದರೆ ಮೊದಲ ಗಂಡನ ಮಗು ಆ ಗಂಡನ ಮನೆಯಲ್ಲೇ ಉಳಿಯಬೇಕು. ಶಂಕರೆಪ್ಪನಿಗೆ ಆ ಪದ್ಧತಿ ಗೊತ್ತಿತ್ತು. ತನ್ನ ಮನೆಯಲ್ಲೇ ನಡೆದದ್ದು ಗೊತ್ತಿರಲಿಲ್ಲ.

ಮುನವಳ್ಳಿಯಲ್ಲಿ ಚನ್ನವ್ವನ ಎರಡನೇ ಮನೆಯ ಮಗಳು ಮುದಕವ್ವ ಅವನನ್ನು ಬಹಳ ಹೊತ್ತು ನೋಡಿದಳು.

"ಬಸಲಿಂಗಣ್ಣನ ಮಗಾ ಹೌದಲ್ಲೋ? ಕುಂದರ. ಚಾ ಕುಡಿ. ನಾ ಏನ್ ಇಸಾ ಹಾಕಂಗಿಲ್ಲ."

ಚಹಾ ಕೊಟ್ಟು ಹೇಳಿದಳು: "ಅವ್ವ ಶಿವರಾತ್ರಿ ಅಮಾಸಿ ದಿನ ಹೋದ್ಲು. ಎಪ್ಪತ್ತಾರನೇ ಇಸ್ವಿ."

ಟ್ರಂಕಿನಿಂದ ಅವಳು ಕುಬುಸದ ಬಟ್ಟೆಯ ಕಣಗಳನ್ನು ತೆಗೆದು ಅವನ ಮುಂದಿಟ್ಟಳು. ಒಂದರ ಮಡಿಕೆಯೂ ಬಿಚ್ಚಿರಲಿಲ್ಲ. ಮೂರು ಮೂಲೆಯಾಗಿ ಮಡಿಚಿ, ತುದಿಯನ್ನು ಒಳಗೆ ಸಿಕ್ಕಿಸುವ ಆ ರೀತಿ ಅಪ್ಪನದೇ.

"ವರ್ಷಾ ಪಂಚಮಿ ಮುಂದ ಹೊಂಗಲಕ್ಕ ಹೋಗಿ ನಿಮ್ಮಪ್ಪನ ಅಂಗಡ್ಯಾಗ ಒಂದ ಕಣಾ ತರತಿದ್ಲು."

"ಗುರುತ ಹೇಳ್ಲಿಲ್ಲೇನವ್ವಾ?"

"ಹೇಳಬಾರದಂತ ನಿಮ್ಮ ಮನಿ ಹಿರ್ಯಾರು ಆಣಿ ಹಾಕಿಸ್ಕೊಂಡಿದ್ರಲ್ಲ. ಒಮ್ಮೆ ನಿಮ್ಮಪ್ಪ, 'ಯಾವೂರಬೇ ಮುದಕಿ, ಇಷ್ಟ ಚೌಕಾಶಿ ಮಾಡ್ತಿ' ಅಂದಿದ್ನಂತ. ಮನಿಗಿ ಬಂದ ಹೇಳಿ ಹೇಳಿ ನಕ್ಕಳು. ಅವತ್ತ ಉಣಲಿಲ್ಲ."

ಕಣ ಒಯ್ಯೆಂದರೂ ಶಂಕರೆಪ್ಪ ಒಯ್ಯಲಿಲ್ಲ. ಪಂಚಮಿಗೆ ಅಂಗಡಿಯಲ್ಲಿ ನಿಂತವಳಿಗೆ ಎರಡು ತಿಂಗಳು ಕಳೆದು ಮಾನವಮಿಗೆ ಎಡೆ. ಅಪ್ಪ ವರ್ಷವರ್ಷವೂ ಬದುಕಿದ್ದವಳಿಗೆ ಎಡೆ ಹಿಡಿದಿದ್ದ.

ಮನೆ ಮುಟ್ಟಿದಾಗ ಅಪ್ಪ ದಿಂಬಿನಿಂದ ತಲೆಯೆತ್ತಿದ.

"ಶಿವರಾತ್ರಿ ಅಮಾಸಿಯಂತಪಾ."

"ಹಂಗಾರ ಇನ್ನ ಹದಿನೆಂಟ ದಿನ." ಅಪ್ಪ ಬೆರಳು ಮಡಿಚಿ ಎಣಿಸಿದ. ಆಮೇಲೆ ತೊಲೆ ನೋಡುತ್ತ ಅಂದ, "ಭಾಳ ಸಣ್ಣಾಕಿದ್ದಾಗ ಹೋದ್ಲು ಪಾಪ. ನನ್ನ ಅಂಗಡಿ ಸುದ್ದಾ ನೋಡಲಿಲ್ಲ."

ಶಂಕರೆಪ್ಪ ಅಪ್ಪನ ಕಾಲ ಮೇಲೆ ಕೌದಿ ಎಳೆದ.

ಹದಿನೆಂಟನೆಯ ದಿನ ಅಪ್ಪ ಗೋಡೆಗೊರಗಿ ಕುಳಿತು ಎಡೆ ಹಿಡಿದ. ಯುಗಾದಿಗೆ ಮೊದಲೇ ತೀರಿಕೊಂಡ. ಅವನ ತಾಯಿ ಅವನ ಅಂಗಡಿಯನ್ನು ವರ್ಷವರ್ಷವೂ ನೋಡಿದ್ದಳೆಂದು ಶಂಕರೆಪ್ಪ ಅವನಿಗೆ ಹೇಳಲೇ ಇಲ್ಲ.