ಮೊಳೆಗೆ ನೇತುಹಾಕಿದ ಸರಪಳಿ

ಹಿಂದೆ ಡಿಕ್ಕಿಯಲ್ಲಿ ಮರಳಿನ ಮೂಟೆ ಮುಲುಗಿತು — ಇಲ್ಲ, ಮೂಟೆಯಲ್ಲ, ಅದು ರಾತ್ರಿಯೇ ಹೆಪ್ಪುಗಟ್ಟಿ ಕಲ್ಲಾಗಿದೆ, ಮುಲುಗಿದ್ದು ಈ ಮುದಿ ಪೇಕಾನ್ ಗಾಡಿಯ ಸ್ಪ್ರಿಂಗು, ಮುಲುಗಲಿ, ಭಾರ ಬಿದ್ದರೆ ತಾನೆ ಹಿಂದಿನ ಚಕ್ರ ಹಿಮವನ್ನು ಕಚ್ಚುವುದು, ಫರಂಗೀಸ್ ಎರಡನೇ ಗೇರಿನಲ್ಲೇ ಗಾಡಿಯನ್ನು ಅಂಗಳದಿಂದ ಎತ್ತಿದಳು, ಮೊದಲನೇ ಗೇರಿಗೆ ಹಾಕಿದರೆ ಚಕ್ರಕ್ಕೆ ಸೊಕ್ಕು ಬರುತ್ತದೆ, ನಿಂತಲ್ಲೇ ಗಿರಗಿರ ತಿರುಗಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ, ಪೆಡಲಿನ ಕೆಳಗೆ ಮೊಟ್ಟೆ ಇದೆ ಅಂದ್ಕೊ ಫರಂಗ್, ಒಡೀಬಾರ್ದು ಅಷ್ಟೆ, ಎಂದು ಗಂಡ ಇವಝ್ ಹೇಳುತ್ತಿದ್ದ, ಎದೆ ಹಿಡಿದುಕೊಂಡು ಪಕ್ಕದ ಸೀಟಿನಲ್ಲಿ ಕೂತಾಗಲೂ ಅದನ್ನೇ ಹೇಳಿದ, ಅವಳಿಗೆ ಆಗ ಸ್ಟಿಯರಿಂಗ್ ಹಿಡಿಯುವುದೇ ಸರಿಯಾಗಿ ಗೊತ್ತಿರಲಿಲ್ಲ, ಮೊಟ್ಟೆ ಒಡೆಯಿತು, ಚಕ್ರ ಕಿರುಚಿತು, ರಬ್ಬರಿನ ಸುಟ್ಟ ವಾಸನೆ, ಡಿಕ್ಕಿಯಲ್ಲಿ ಮರಳಿಲ್ಲ, ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಸುತ್ತುವ ಸರಪಳಿಯೂ ಇಲ್ಲ, ಸರಪಳಿ ಇದ್ದದ್ದು ಯದುಲ್ಲಾನ ಲಾಯದ ಬಾಗಿಲ ಪಕ್ಕ, ಮೊಳೆಯಲ್ಲಿ — ಈಗಲೂ ಅಲ್ಲೇ ಇದೆ, ಇಗೋ ಎಡಕ್ಕೆ, ದಿನಾ ಬೆಳಿಗ್ಗೆ ನೋಡಿಕೊಂಡೇ ದಾಟುತ್ತಾಳೆ, ನೋಡದೆ ದಾಟಿದರೆ ಆ ದಿನ ಅನ್ನ ಸೇರುವುದಿಲ್ಲ, ತುಕ್ಕು ಹಿಡಿದು ಕೆಂಪಗಾಗಿದೆ, ಹಿಡಿಯಲಿ, ಅವನ ಮೂಳೆಗೂ ಹಾಗೇ ಹಿಡಿಯಲಿ.

ನಿಂದೇ ಸರಪಳಿ ತಂಗಿ, ಕೇಳೋದೇನು, ತಗೊಂಡ್ಹೋಗು, ಎಂದಿದ್ದ ಅವನು, ಅವಳ ಬಾಯಿಂದ ಏನು ಬಂತು, ಅಮ್ಮ ಕಲಿಸಿದ್ದು ಬಂತು, ಬೇಡ ಯದುಲ್ಲಾ ಆಗಾ, ನಿಮಗ್ಯಾಕೆ ತೊಂದ್ರೆ — ಅಲ್ಲಿ ಗಂಡ ಗಾಡಿಯಲ್ಲಿ ಉಸಿರಿಗೆ ಒದ್ದಾಡುತ್ತಿದ್ದಾನೆ, ಇಲ್ಲಿ ಇವಳು ತಾರೂಫ್ ಮಾಡುತ್ತ, ಮರ್ಯಾದೆಗೆ ಬೇಡ ಬೇಡ ಅನ್ನುತ್ತ ನಿಂತಿದ್ದಾಳೆ, ಆದರೆ ಯಾರು ತಾನೆ ಮೊದಲನೆಯ ಸಲಕ್ಕೆ ಹೂಂ ಅನ್ನುತ್ತಾರೆ, ಹಸಿದ ಭಿಕ್ಷುಕನೂ ಅನ್ನುವುದಿಲ್ಲ, ತೊಂದ್ರೆ ಏನ್ಬಂತು, ತಗೊ, ಎಂದ ಎರಡನೆಯ ಸಲ, ಇಲ್ಲ ಇಲ್ಲ, ನಿಮ್ಮ ಗಾಡಿಗೇ ಬೇಕಾಗತ್ತೆ, ಎಂದಳು, ಮೂರನೆಯ ಸಲಕ್ಕೆ ಕಾದಳು, ಮೂರನೆಯದು ನಿಜವಾದ ಮಾತು, ಅದು ಬಂದರೆ ತಗೊಳ್ಳಬಹುದು, ಊರಿಗೆಲ್ಲ ಗೊತ್ತಿರುವ ಲೆಕ್ಕ, ಅವನಿಗೂ ಗೊತ್ತು, ಗೊತ್ತಿದ್ದೇ ಅವನು ಸರಪಳಿಯತ್ತ ಒಮ್ಮೆ ನೋಡಿದ, ಆಕಾಶದತ್ತ ಒಮ್ಮೆ ನೋಡಿದ, ಸರಿ ಹಾಗಾದ್ರೆ, ನಿನ್ನಿಷ್ಟ, ಎಂದು ಬಾಗಿಲು ಹಾಕಿಕೊಂಡ. ಇವಝ್ ಏರಿನ ಬುಡದಲ್ಲೇ, ಸಿಕ್ಕಿಕೊಂಡ ಗಾಡಿಯಲ್ಲೇ ಹೋದ, ಕೈ ಹ್ಯಾಂಡ್ ಬ್ರೇಕಿನ ಮೇಲಿತ್ತು. ಮಣ್ಣಿಗೆ ಬಂದ ಯದುಲ್ಲಾ ಖರ್ಜೂರ ಬಾಯಿಗೆ ಹಾಕಿಕೊಳ್ಳುತ್ತ ಅಂದನಲ್ಲ, ಹಿಂದಿನ ಚಕ್ರ ತಳ್ಳೋ ಗಾಡಿ ನೋಡಿ, ಹಿಮದಲ್ಲಿ ನಂಬೋ ಹಾಗಿಲ್ಲ, ದೇವರ ಇಚ್ಛೆ — ಗಾಡಿಯದ್ದಂತೆ ತಪ್ಪು, ದೇವರದ್ದಂತೆ. ಆವತ್ತಿನಿಂದ ಅವಳು ಕಲಿತಳು, ಮರಳು ಡಿಕ್ಕಿಯ ತುದಿಯಲ್ಲಿರಬಾರದು, ಅಚ್ಚಿನ ನೇರಕ್ಕೆ ಇರಬೇಕು, ಇಲ್ಲದಿದ್ದರೆ ಮೂತಿ ಹಗುರಾಗಿ ತಿರುವಿನಲ್ಲಿ ಮಾತು ಕೇಳುವುದಿಲ್ಲ, ಟೈರಿನ ಗಾಳಿ ಚೂರು ಇಳಿಸಬೇಕು, ಬಾಲ ಎತ್ತ ಜಾರಿದರೆ ಸ್ಟಿಯರಿಂಗ್ ಅತ್ತಲೇ, ಬ್ರೇಕ್ ಮುಟ್ಟಬಾರದು, ಸಿಕ್ಕಿಕೊಂಡರೆ ಚಕ್ರದಡಿಗೆ ಒಲೆಯ ಬೂದಿ — ಎಲ್ಲ ಸೇಡಿಗಾಗಿಯೇ ಕಲಿತದ್ದು, ಚಳಿಗಾಲದಲ್ಲಿ ಖಲ್ಖಾಲ್ ಪೇಟೆಗೆ ಜನರನ್ನು ಹೊತ್ತುಕೊಂಡು ಹೋಗುವುದೂ ಅದಕ್ಕಾಗಿಯೇ, ಅವನ ಬಾಗಿಲ ಮುಂದೆ ಹಾರ್ನ್ ಹೊಡೆದು ಏರು ಹತ್ತುವುದಕ್ಕಾಗಿ, ನೋಡು, ಹೋಗುತ್ತದೆ, ನಿನ್ನ ಸರಪಳಿ ಇಲ್ಲದೆ ಹೋಗುತ್ತದೆ. ಅವನೋ ಬಿಳಿಯ ಹೊಸ ಗಾಡಿ ತಗೊಂಡು, ಆ ಹಳೇ ಕತ್ತೇನ ಮಾರ್ಬಿಡು ತಂಗಿ, ಈಗೆಲ್ಲ ಮುಂದಿನ ಚಕ್ರದ ಕಾಲ, ಎಂದು ಹಲ್ಲು ಕಿರಿಯುತ್ತಿದ್ದ.

ಅಗೋ ಬಿಳಿ, ಹಿಮದೊಳಗೆ ಇನ್ನೊಂದು ಬಿಳಿ — ಏರಿನ ಬುಡದಲ್ಲಿ, ಇವಝ್ ಹೋದ ಜಾಗಕ್ಕೆ ಕೂಗಳತೆಯಲ್ಲಿ, ಮುಂದಿನ ಚಕ್ರದ ಕಾಲ ಮೂತಿ ಕೆಳಗಾಗಿ ಚರಂಡಿಯಲ್ಲಿ ಬಿದ್ದಿದೆ, ಅವಳ ಹೊಟ್ಟೆಯೊಳಗೆ ಬಿಸಿ ಚಹಾ ಇಳಿದಂತಾಯಿತು, ಯದುಲ್ಲಾ ಪಕ್ಕದಲ್ಲಿ ನಿಂತಿದ್ದಾನೆ, ಮೀಸೆಯ ಮೇಲೆ ಹಿಮ, ಒಳಗೆ ಕಂಬಳಿ ಸುತ್ತಿಕೊಂಡು ಅವನ ಹೆಂಡತಿ ಗುಲಂದಾಮ್, ಹೌದು, ಇವತ್ತು ಪೇಟೆಯ ಆಸ್ಪತ್ರೆಯಲ್ಲಿ ಅವಳ ರಕ್ತ ತೊಳೆಸುವ ದಿನ, ತಪ್ಪಿಸುವ ಹಾಗಿಲ್ಲ. ಏರಿನಲ್ಲಿ ನಿಂತರೆ ಕೆಟ್ಟೆ, ಬುಡದ ಸಮತಟ್ಟಿನಲ್ಲೇ ನಿಲ್ಲಿಸಬೇಕು, ನಿಲ್ಲಿಸಿದಳು, ಕಿಟಕಿ ಇಳಿಸಿದಳು, ನಾಲ್ಕು ಚಳಿಗಾಲ ನಾಲಗೆಯಲ್ಲಿ ಇಟ್ಟು ಚೀಪಿದ ಮಾತು ಕಲ್ಲುಸಕ್ಕರೆಯಂತೆ ಹೊರಬಂತು, ಬನ್ನಿ ಯದುಲ್ಲಾ ಆಗಾ, ನಿಮ್ಮದೇ ಗಾಡಿ. ಅವನ ಕೈ ತಾನಾಗಿ ಎದೆಗೆ ಹೋಯಿತು, ಅಭ್ಯಾಸ ಬಿಡಬೇಕಲ್ಲ, ಬೇಡ ತಂಗಿ, ನಿನಗ್ಯಾಕೆ ತೊಂದ್ರೆ, ಎಂದ — ಅದೇ ಮಾತು, ಅವಳದೇ ಮಾತು. ತೊಂದ್ರೆ ಏನ್ಬಂತು, ಹತ್ತಿ. ಇಲ್ಲ ಇಲ್ಲ, ಹಿಂದೆ ಯಾರಾದ್ರೂ ಬರ್ತಾರೆ, ಎಂದ, ಕಣ್ಣು ಮಾತ್ರ ಬಾಗಿಲಿನ ಹಿಡಿಯ ಮೇಲಿತ್ತು, ಕಾಲಿನ ಹಿಮ ಆಗಲೇ ಕೊಡವಿಕೊಳ್ಳುತ್ತಿದ್ದ, ಮೂರನೆಯ ಸಲಕ್ಕೆ ಕಾಯುತ್ತಿದ್ದ. ಅವಳು ಏರಿನತ್ತ ಒಮ್ಮೆ ನೋಡಿದಳು, ಆಕಾಶದತ್ತ ಒಮ್ಮೆ ನೋಡಿದಳು. ಸರಿ ಹಾಗಾದ್ರೆ, ನಿಮ್ಮಿಷ್ಟ. ಅವನ ಮುಖದಲ್ಲಿ ಅದು ಇಳಿಯುವುದನ್ನು ನೋಡಿದಳು, ನಿಧಾನವಾಗಿ, ಬಾವಿಗೆ ಕೊಡ ಇಳಿದ ಹಾಗೆ, ತಳ ಮುಟ್ಟಿತು, ಅವನಿಗೆ ನೆನಪಾಯಿತು, ಸಾಕು, ಇಷ್ಟೇ ಬೇಕಾಗಿದ್ದದ್ದು, ಎರಡನೇ ಗೇರು, ಮೊಟ್ಟೆ —

ಹಿಂದಿನ ಬಾಗಿಲು ತೆರೆಯಿತು, ಚಳಿ ನುಗ್ಗಿತು, ಗುಲಂದಾಮ್ ಕಂಬಳಿ ಸಮೇತ ಹತ್ತಿ ದೊಪ್ಪನೆ ಕೂತಳು, ಯಾರೂ ಕರೆದಿರಲಿಲ್ಲ, ನಾನು ಕೂತೆ, ಹೊರಡು, ಎಂದಳು, ಮರ್ಯಾದೆಯೆಲ್ಲ ನೀವಿಬ್ರೇ ಇಟ್ಕೊಳ್ಳಿ, ನನ್ನ ಕಿಡ್ನಿಗೆ ತಾರೂಫ್ ತಿಳಿಯಲ್ಲ. ಹೊರಗೆ ಯದುಲ್ಲಾ, ಗುಲಂದಾಮ್, ನಾನೂ — ಎಂದ, ಕರೆಯದೆ ಹತ್ತುವುದು ಅವನಿಂದಾಗಲಿಲ್ಲ, ಕೈ ಎದೆಯ ಮೇಲೇ ಉಳಿಯಿತು, ಗಾಡಿ ಎದ್ದಿತು, ಅವಳ ಭಾರ ಸರಿಯಾಗಿ ಅಚ್ಚಿನ ಮೇಲೆ ಬಿದ್ದು ಚಕ್ರ ಹಿಮವನ್ನು ಕರಕರ ಕಚ್ಚಿತು, ಇಷ್ಟು ಚೆನ್ನಾಗಿ ಎಂದೂ ಹತ್ತಿರಲಿಲ್ಲ, ಕನ್ನಡಿಯಲ್ಲಿ ಅವನು ಹೆಬ್ಬೆರಳಷ್ಟಾದ, ಬಟಾಣಿಯಷ್ಟಾದ, ನಡೆದುಕೊಂಡು ಮನೆಗೆ ಹೋಗಲಿ, ಒದ್ದೆ ಕಾಲಲ್ಲಿ ಹೋಗಲಿ, ಹೋಗಿ ಆ ಮೊಳೆಯನ್ನು ನೋಡಿಕೊಂಡು ಕೂರಲಿ. ಇನ್ನೊಂದು ಸಲ ಕರೀಬೇಕಿತ್ತು, ಕರೀಲಿಲ್ಲ ಅಲ್ವಾ, ಎಂದಳು ಗುಲಂದಾಮ್ ಹಿಂದಿನಿಂದ, ಕೋಪವಿಲ್ಲದ ದನಿ, ಸರಪಳಿ ವಿಷ್ಯ ನಂಗೊತ್ತು, ನಾನು ಆವತ್ತು ತವರಲ್ಲಿದ್ದೆ, ಬಂದ್ಮೇಲೆ ಅವನಿಗೆ ಸರಿಯಾಗೇ ಉಗಿದೆ. ತಿರುವು, ಬಾಲ ಎಡಕ್ಕೆ ಜಾರಿತು, ಸ್ಟಿಯರಿಂಗ್ ಎಡಕ್ಕೆ. ಆದ್ರೆ ನಂಗೊಂದು ಅರ್ಥ ಆಗಿಲ್ಲ ಫರಂಗ್, ಬಾಗಿಲು ಹಾಕಿಕೊಂಡ ಸರಿ, ಸರಪಳಿ ಹೊರಗೇ ಇತ್ತಲ್ಲ, ನಾನು ಕುಳ್ಳಿ ಅಂತ ಆ ಮೊಳೆ ನನ್ನ ಕೈಗೆ ಎಟುಕೋ ಹಾಗೆ ಹೊಡೆಸಿದ್ದು, ನೀನು ನನಗಿಂತ ಉದ್ದ, ತಗೊಂಡು ಹೋಗ್ಬಾರ್ದಿತ್ತಾ. ಏರು ಮುಗಿಯಿತು, ರಸ್ತೆ ನೆಟ್ಟಗೆ, ಹಿಮ, ಆವತ್ತಿನ ಹಿಮ, ಯದುಲ್ಲಾನ ಬಾಗಿಲು ಹಾಕಿದೆ, ಹೊರಗೆ ಯಾರೂ ಇಲ್ಲ, ಅವಳೊಬ್ಬಳು, ಪಕ್ಕದಲ್ಲಿ ಸರಪಳಿ, ಆಗ ತುಕ್ಕಿರಲಿಲ್ಲ, ಹೊಳೆಯುತ್ತಿತ್ತು, ಮೊಳೆ, ಎದೆಯ ಎತ್ತರಕ್ಕೆ, ಅವಳ ಎದೆಯ ಎತ್ತರಕ್ಕೆ, ಮೊಳೆ.